ಕ್ಲೋರಿನ್ ಕಂಡವನು, ಇದ್ದಿಲು ಕಾಯಿಸಿದವನು

ಒಂದು ಶನಿವಾರ ರಾತ್ರಿ ನಮ್ಮ ಹವಳದ ಟ್ಯಾಂಕಿನ ಸಿಗಡಿಗಳು ಪಕ್ಕಕ್ಕೆ ಒರಗಿ ಬಿದ್ದಿದ್ದವು. ಹವಳಗಳು ಮುದುಡಿಕೊಂಡು ಕಲ್ಲಿನ ಹಾಗೆ ಕೂತಿದ್ದವು. ಟ್ಯಾಂಕ್ ಇರೋದು ಇಂದಿರಾನಗರದಲ್ಲಿ, ನಮ್ಮ ಸೀನಿಯರ್ ಒಬ್ಬರ ಮನೆಯಲ್ಲಿ, 90 ಲೀಟರಿನದು. ದುಡ್ಡು ನಾಲ್ಕು ಜನರದ್ದು, ಕೆಲಸ ಯಾರದ್ದೂ ಅಲ್ಲ. ಆ ದಿನ ಆರ್‌ಒ ಯಂತ್ರ ಕೆಟ್ಟಿತ್ತು. ಒಂದು ದಿನ ತಾನೇ ಅಂತ 20 ಲೀಟರ್ ನಲ್ಲಿ ನೀರಿಗೇ ಸಮುದ್ರದ ಉಪ್ಪು ಕಲಸಿ, ಶಿವಾಜಿನಗರದಿಂದ ತಂದಿದ್ದ ಆಂಟಿ-ಕ್ಲೋರಿನ್ ಹನಿ ಹಾಕಿ, ಸುರಿದುಬಿಟ್ಟೆವು. ರಾತ್ರಿ ಟೆಸ್ಟ್ ಕಿಟ್ ತೆಗೆದು ನೋಡಿದರೆ ಕ್ಲೋರಿನ್ ಇಲ್ಲ, ಅಮೋನಿಯಾ ಇದೆ.

ಇದು ಹೇಗೆ ಅಂತ ತಿಳಿಯೋಕೆ ನಮಗೆ ಒಂದು ವಾರ ಬೇಕಾಯ್ತು. ನೀರಿನಲ್ಲಿ ಕ್ಲೋರಿನ್ ಜೊತೆ ಅಮೋನಿಯಾ ಸೇರಿದರೆ ಎರಡೂ ಕೂಡಿ ಕ್ಲೋರಮೀನ್ ಆಗುತ್ತೆ. ಎಷ್ಟೋ ದೇಶಗಳಲ್ಲಿ ಬೇಕಂತಲೇ ಹಾಗೆ ಕೂಡಿಸುತ್ತಾರೆ. ಪೈಪಿನಲ್ಲೋ ಸಂಪಿನಲ್ಲೋ ಸ್ವಲ್ಪ ಕೊಳೆ ಸೇರಿದರೆ ತಾನಾಗೇ ಆಗೋದೂ ಉಂಟು. ಬರೀ ಕ್ಲೋರಿನ್ ಆದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ಗಾಳಿಯಾಡಿಸಿದರೆ ಹಾರಿಹೋಗುತ್ತೆ. ಕ್ಲೋರಮೀನ್ ಹಾಗೆ ಹೋಗಲ್ಲ. ಆಂಟಿ-ಕ್ಲೋರಿನ್ ಹನಿ ಅಂದರೆ ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಹಳೇ ಫೋಟೋ ಸ್ಟುಡಿಯೋದವರ ಹೈಪೋ. ಅದು ಕ್ಲೋರಮೀನನ್ನು ಒಡೆಯುತ್ತೆ ನಿಜ, ಆದರೆ ಕ್ಲೋರಿನ್ ಭಾಗವನ್ನು ಮಾತ್ರ ಮುಗಿಸಿ ಅಮೋನಿಯಾವನ್ನು ನೀರಿನಲ್ಲೇ ಬಿಡುತ್ತೆ. ಸಮುದ್ರದ ನೀರಿನ ಪಿಎಚ್ 8.2ರ ಸುಮಾರು. ಪಿಎಚ್ 7ರ ನೀರಿಗೆ ಹೋಲಿಸಿದರೆ ಅಲ್ಲಿ ಅಮೋನಿಯಾದ ವಿಷದ ರೂಪ ಹತ್ತು ಪಟ್ಟಿಗೂ ಹೆಚ್ಚು. ಸಿಹಿನೀರಿನ ಗಪ್ಪಿ ಹೇಗೋ ಸಹಿಸಿಕೊಳ್ಳಬಹುದಾಗಿದ್ದನ್ನು ನಮ್ಮ ಸಿಗಡಿ ಸಹಿಸಲಿಲ್ಲ.

ಈ ವಿಷಯ ಹುಡುಕ್ತಾ ಹೋದ ಹಾಗೆ ಒಂದೇ ಹೆಸರು ಮತ್ತೆ ಮತ್ತೆ ಎದುರಾಯ್ತು. ಕ್ಲೋರಿನ್ ಕಂಡುಹಿಡಿದದ್ದು ಯಾರು? ಶೀಲೆ. ಇದ್ದಿಲು ಅನಿಲವನ್ನು ಹೀರಿ ಹಿಡಿದುಕೊಳ್ಳುತ್ತೆ ಅಂತ ಮೊದಲು ಅಳೆದು ನೋಡಿದವರಲ್ಲಿ ಯಾರು? ಶೀಲೆ. ನಾವು ಓದಿದ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪುಸ್ತಕದಲ್ಲಿ ಕ್ಲೋರಿನ್ ಪಾಠದ ಮೊದಲ ಸಾಲಿನಲ್ಲೇ ಇವನ ಹೆಸರಿತ್ತು. ಸಿಇಟಿಗೆ ಇಸವಿ ಬಾಯಿಪಾಠ ಮಾಡಿ ಮರೆತಿದ್ದೆವು, ಅಷ್ಟೇ.

ಕಾರ್ಲ್ ವಿಲ್ಹೆಲ್ಮ್ ಶೀಲೆ ಹುಟ್ಟಿದ್ದು 1742ರ ಡಿಸೆಂಬರಿನಲ್ಲಿ, ಸ್ಟ್ರಾಲ್‌ಸುಂಡ್ ಎಂಬ ಬಂದರು ಊರಿನಲ್ಲಿ. ಅದು ಈಗ ಜರ್ಮನಿಯಲ್ಲಿದೆ, ಆಗ ಸ್ವೀಡನ್ ರಾಜ್ಯಕ್ಕೆ ಸೇರಿತ್ತು. ಹನ್ನೊಂದು ಮಕ್ಕಳಲ್ಲಿ ಏಳನೆಯವನು. ಅಪ್ಪನ ವ್ಯಾಪಾರ ಮುಳುಗಿಹೋಗಿತ್ತು, ಕಾಲೇಜಿನ ಮಾತೇ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಗೋಥೆನ್‌ಬರ್ಗಿನ ಬೌಖ್ ಎಂಬುವರ ಔಷಧದಂಗಡಿಗೆ ಕೆಲಸ ಕಲಿಯೋಕೆ ಹೋದ. ಅದೇ ಅಂಗಡಿಯಲ್ಲಿ ಅವನ ಅಣ್ಣನೊಬ್ಬ ಹೀಗೇ ಕೆಲಸ ಕಲಿಯುತ್ತಾ ತೀರಿಕೊಂಡಿದ್ದ. ಆದರೂ ಮನೆಯವರು ತಮ್ಮನನ್ನು ಅಲ್ಲಿಗೇ ಕಳಿಸಿದರು.

ಆ ಕಾಲದ ಔಷಧದಂಗಡಿ ಅಂದರೆ ಈಗಿನ ಮೆಡಿಕಲ್ ಸ್ಟೋರ್ ಅಲ್ಲ. ಉಪ್ಪು, ಆಮ್ಲ, ಲೋಹದ ಬೂದಿ, ಬೇರು, ನಾರು ಎಲ್ಲವನ್ನೂ ಅಲ್ಲೇ ಅರೆದು, ಕಾಯಿಸಿ, ಬಟ್ಟಿ ಇಳಿಸಿ ಮಾಡಬೇಕು. ಅಂಗಡಿಯೇ ಲ್ಯಾಬ್. ಶೀಲೆ ಹಗಲು ಗಿರಾಕಿಗಳನ್ನು ನೋಡಿಕೊಂಡು, ರಾತ್ರಿ ಆಗ ಸಿಗುತ್ತಿದ್ದ ಕೆಮಿಸ್ಟ್ರಿ ಪುಸ್ತಕಗಳನ್ನು ಓದುತ್ತಾ, ಅವುಗಳಲ್ಲಿದ್ದ ಪ್ರಯೋಗಗಳನ್ನು ತಾನೇ ಮಾಡಿ ನೋಡುತ್ತಿದ್ದ. ಎಂಟು ವರ್ಷ ಹೀಗೇ ಕಳೆಯಿತು. 1765ರಲ್ಲಿ ಬೌಖ್ ಅಂಗಡಿ ಮಾರಿದಾಗ ಮಾಲ್ಮೊ, 1768ರಲ್ಲಿ ಸ್ಟಾಕ್‌ಹೋಮ್, 1770ರಲ್ಲಿ ಉಪ್ಸಾಲ. ಎಲ್ಲೇ ಹೋದರೂ ಔಷಧದಂಗಡಿಯ ಕೆಲಸವೇ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಗೆಳೆಯರಿಗೆ ಇವನ ಕಥೆ ಹೆಚ್ಚು ಹಿಡಿಸಿತು. ಅವರ ಕೈ ಲ್ಯಾಬಿನಲ್ಲಿ ನಮ್ಮ ಕೈಗಿಂತ ಚುರುಕು ಅನ್ನೋದು ಎಲ್ಲರೂ ಒಪ್ಪುವ ಮಾತು.

ಉಪ್ಸಾಲದಲ್ಲಿ ದೊಡ್ಡ ವಿಶ್ವವಿದ್ಯಾಲಯವಿತ್ತು, ಟಾರ್ಬರ್ನ್ ಬರ್ಗ್‌ಮನ್ ಎಂಬ ಹೆಸರಾಂತ ಕೆಮಿಸ್ಟ್ರಿ ಪ್ರೊಫೆಸರ್ ಇದ್ದರು. ಪೆಟ್ಲುಪ್ಪನ್ನು ಕರಗಿಸಿ ಆರಿಸಿದ ಮೇಲೆ ಆಮ್ಲ ಹಾಕಿದರೆ ಕೆಂಪು ಹೊಗೆ ಯಾಕೆ ಬರುತ್ತೆ ಅನ್ನೋದು ಪ್ರೊಫೆಸರರಿಗೂ ಬಿಡಿಸಲಾಗದ ಒಗಟಾಗಿತ್ತು. ಔಷಧದಂಗಡಿಯ ಈ ಹುಡುಗ ಅದನ್ನು ಬಿಡಿಸಿಟ್ಟ. ಅಲ್ಲಿಂದ ಇಬ್ಬರಿಗೂ ಸ್ನೇಹ. ಪೈರೊಲುಸೈಟ್ ಎಂಬ ಕಪ್ಪು ಖನಿಜದಲ್ಲಿ ಏನಿದೆ ನೋಡು ಅಂತ ಬರ್ಗ್‌ಮನ್ ಒಪ್ಪಿಸಿದ ಕೆಲಸದ ಮೇಲೆ ಶೀಲೆ ಮೂರು ವರ್ಷ ಕೂತ. ನಮಗೆ ಈಗ ಅದು ಮ್ಯಾಂಗನೀಸ್ ಡೈಆಕ್ಸೈಡ್.

ಆ ಕಪ್ಪು ಪುಡಿಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಉಸಿರು ಕಟ್ಟಿಸುವ, ಹಳದಿ ಬಣ್ಣದ ಒಂದು ಅನಿಲ ಬಂತು. ಪಾತ್ರೆಯ ಬಾಯಿಗೆ ಕಟ್ಟಿದ್ದ ಮೂತ್ರಕೋಶದ ಚೀಲವೂ ಹಳದಿಯಾಯ್ತು. ಆಗ ರಬ್ಬರ್ ಟ್ಯೂಬ್ ಇಲ್ಲ. ಅನಿಲ ಹಿಡಿಯೋಕೆ ಅವನು ಬಳಸಿದ್ದು ಪ್ರಾಣಿಗಳ ಮೂತ್ರಕೋಶ. ಲಿಟ್ಮಸ್ ಹೆಚ್ಚುಕಡಿಮೆ ಬೆಳ್ಳಗಾಯ್ತು. ಹೂವು ಕೆಂಪಿರಲಿ ನೀಲಿಯಿರಲಿ, ಬಣ್ಣ ಹೋಯ್ತು, ಹಸಿರೆಲೆಯದ್ದೂ ಹೋಯ್ತು. ಆಮ್ಲ ಹಾಕಿದರೂ ಕ್ಷಾರ ಹಾಕಿದರೂ ಬಣ್ಣ ಮರಳಿ ಬರಲಿಲ್ಲ. ಲೋಹಗಳನ್ನು ಅದು ತಿಂದಿತು. ದೀಪ ಆರಿಸಿತು. ನೀರಿನಲ್ಲಿ ಸ್ವಲ್ಪವೇ ಕರಗಿತು. ಅದರೊಳಗೆ ಬಿಟ್ಟ ಹುಳುಗಳು ಕೂಡಲೇ ಸತ್ತವು. ಇಷ್ಟನ್ನೂ ಅವನು 1774ರಲ್ಲಿ ಬರೆದ. ಸಿಗಡಿಯೂ ಸಂಧಿಪಾದಿ, ಕೀಟಗಳ ದೂರದ ನೆಂಟ. ಆ ಸಾಲು ಓದಿದಾಗ ನಮ್ಮ ಟ್ಯಾಂಕಿನ ಶನಿವಾರ ನೆನಪಾಯ್ತು.

ತನಗೆ ಸಿಕ್ಕಿದ್ದು ಒಂದು ಹೊಸ ಮೂಲವಸ್ತು ಅಂತ ಅವನಿಗೆ ಹೊಳೆಯಲಿಲ್ಲ. ಉರಿಯುವ ವಸ್ತುಗಳಲ್ಲೆಲ್ಲ ಫ್ಲಾಜಿಸ್ಟನ್ ಎಂಬುದೊಂದು ಇರುತ್ತೆ, ಉರಿದಾಗ ಅದು ಹೊರಟುಹೋಗುತ್ತೆ ಅಂತ ಆ ಕಾಲದವರು ನಂಬಿದ್ದರು. ಶೀಲೆ ಕೊನೆಯವರೆಗೂ ಅದನ್ನೇ ನಂಬಿದ. ಈ ಅನಿಲವನ್ನೂ ಫ್ಲಾಜಿಸ್ಟನ್ ಕಳೆದುಕೊಂಡ ಆಮ್ಲ ಅಂತಲೇ ಕರೆದ. ಇದು ಮೂಲವಸ್ತು ಅಂತ ತೋರಿಸಿ ಕ್ಲೋರಿನ್ ಎಂಬ ಹೆಸರಿಟ್ಟದ್ದು ಹಂಫ್ರಿ ಡೇವಿ, 1810ರಲ್ಲಿ. ಕೈ ಸರಿಯಾಗಿತ್ತು, ಥಿಯರಿ ತಪ್ಪಾಗಿತ್ತು. ನಮ್ಮ ವೈವಾದಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ.

ಆಕ್ಸಿಜನ್ ವಿಷಯದಲ್ಲಿ ಆದದ್ದು ಇನ್ನೂ ಬೇಜಾರಿನ ಕಥೆ. 1772ರ ಹೊತ್ತಿಗೇ ಅವನು ಆಕ್ಸಿಜನ್ ತಯಾರಿಸಿದ್ದ, ಬೆಂಕಿಯ ಗಾಳಿ ಅಂತ ಹೆಸರಿಟ್ಟಿದ್ದ. ಗಾಳಿ ಮತ್ತು ಬೆಂಕಿಯ ಬಗ್ಗೆ ಪುಸ್ತಕವನ್ನೂ ಬರೆದ. ಆದರೆ ಅಚ್ಚು ಹಾಕುವವರು ತಡಮಾಡಿದರು, ಬರ್ಗ್‌ಮನ್ ಬರೆಯಬೇಕಿದ್ದ ಮುನ್ನುಡಿಯೂ ಬೇಗ ಬರಲಿಲ್ಲ. ಪುಸ್ತಕ ಹೊರಬಂದದ್ದು 1777ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1774ರಲ್ಲಿ ತಾನೇ ಕಂಡುಹಿಡಿದು ಪ್ರಕಟಿಸಿಯೂ ಆಗಿತ್ತು. ಪ್ರಾಜೆಕ್ಟ್ ರಿಪೋರ್ಟಿಗೆ ಗೈಡ್ ಸಹಿಗಾಗಿ ಕಾದವರಿಗೆ ಈ ಸಂಕಟ ವಿವರಿಸಬೇಕಿಲ್ಲ.

ನಮಗೆ ಬೇಕಾದ ಇದ್ದಿಲು ಇರೋದು ಇದೇ ತಡವಾದ ಪುಸ್ತಕದಲ್ಲಿ. ಚೆನ್ನಾಗಿ ಒಣಗಿಸಿ ಪುಡಿ ಮಾಡಿದ ಇದ್ದಿಲನ್ನು ಬಟ್ಟಿಯ ಗಾಜಿನ ಪಾತ್ರೆಗೆ ಅರ್ಧದಷ್ಟು ತುಂಬಿ, ಬಾಯಿಗೆ ಖಾಲಿ ಮೂತ್ರಕೋಶ ಕಟ್ಟಿದ. ಪಾತ್ರೆಯ ತಳ ಕೆಂಪಗಾಗುವವರೆಗೆ ಕಾಯಿಸಿದಾಗ ಇದ್ದಿಲಿನಿಂದ ಗಾಳಿ ಹೊರಟು ಚೀಲ ಉಬ್ಬಿತು. ಆರಲು ಬಿಟ್ಟಾಗ ಆ ಗಾಳಿ ಮತ್ತೆ ಇದ್ದಿಲಿನೊಳಕ್ಕೇ ಹೋಯ್ತು. ಮತ್ತೆ ಕಾಯಿಸಿದ, ಮತ್ತೆ ಬಂತು. ಆರಿಸಿದ, ಮತ್ತೆ ಒಳಗೆ. ಇದ್ದಿಲು ಹಿಡಿದಿಟ್ಟ ಗಾಳಿ ಇದ್ದಿಲಿನ ಗಾತ್ರದ ಎಂಟು ಪಟ್ಟಿನಷ್ಟಿತ್ತು. ಒಂದು ಲೋಟ ಪುಡಿಯೊಳಗೆ ಎಂಟು ಲೋಟ ಗಾಳಿ! ಇದ್ದಿಲಿನ ಒಳಗೆ ಕಣ್ಣಿಗೆ ಕಾಣದ ರಂಧ್ರಗಳ ದೊಡ್ಡ ಊರೇ ಇದೆ, ಅದರ ಗೋಡೆಗಳಿಗೆ ಅನಿಲ ಅಂಟಿಕೊಳ್ಳುತ್ತೆ ಅನ್ನೋ ವಿವರಣೆ ಬರೋದು ಬಹಳ ಮುಂದೆ.

ಒಂದೇ ಮನುಷ್ಯನ ಕೈಯಲ್ಲಿ ಕ್ಲೋರಿನ್ನೂ ಇತ್ತು, ಇದ್ದಿಲೂ ಇತ್ತು. ಎರಡನ್ನೂ ಜೋಡಿಸುವ ಅಗತ್ಯ ಆಗ ಯಾರಿಗೂ ಇರಲಿಲ್ಲ; ಕುಡಿಯುವ ನೀರಿಗೆ ಕ್ಲೋರಿನ್ ಹಾಕಬೇಕು ಅನ್ನೋದೇ ತಿಳಿದಿರದ ಮೇಲೆ ತೆಗೆಯುವ ಮಾತೆಲ್ಲಿ. ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಯೋಗವೂ ಇದೆ. ಸಿಲ್ವರ್ ಕ್ಲೋರೈಡ್ ಬೆಳಕಿಗೆ ಕಪ್ಪಾಗುತ್ತೆ, ನೇರಳೆ ಬೆಳಕಿಗೆ ಇನ್ನೂ ಬೇಗ. ಕಪ್ಪಾಗದೆ ಉಳಿದದ್ದನ್ನು ಅಮೋನಿಯಾ ಕರಗಿಸುತ್ತೆ, ಕಪ್ಪಾದದ್ದನ್ನು ಕರಗಿಸಲ್ಲ. ಫೋಟೋಗ್ರಫಿಯ ಬಾಗಿಲವರೆಗೂ ಹೋಗಿ ಅವನು ವಾಪಸ್ ಬಂದ. ಅಮೋನಿಯಾದ ಆ ಕೆಲಸವನ್ನು ಮುಂದೆ ಮಾಡಿದ್ದು ಹೈಪೋ, ಅಂದರೆ ನಮ್ಮ ಆಂಟಿ-ಕ್ಲೋರಿನ್ ಹನಿಯ ವಸ್ತುವೇ.

1775ರಲ್ಲಿ ಸ್ವೀಡನ್ನಿನ ರಾಯಲ್ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಆಗಿನ್ನೂ ಅವನು ಔಷಧಗಾರನ ಪರೀಕ್ಷೆಯನ್ನೇ ಪಾಸ್ ಮಾಡಿರಲಿಲ್ಲ. ಅದೇ ವರ್ಷ ಶೊಪಿಂಗ್ ಎಂಬ ಸಣ್ಣ ಊರಿಗೆ ಹೋಗಿ, ಗಂಡ ತೀರಿಹೋಗಿ ಸಾಲದಲ್ಲಿದ್ದ ಸಾರಾ ಮಾರ್ಗರೆಟಾ ಎಂಬಾಕೆಯ ಅಂಗಡಿಯನ್ನು ನೋಡಿಕೊಳ್ಳತೊಡಗಿದ. ದೊಡ್ಡ ಊರುಗಳಿಂದ ಕರೆ ಬಂದರೂ ಕದಲಲಿಲ್ಲ. ಅಕಾಡೆಮಿಯ ಸಭೆಗೆ ಹೋದದ್ದು 1777ರಲ್ಲಿ, ಒಂದೇ ಸಲ; ಪರೀಕ್ಷೆ ಪಾಸ್ ಮಾಡಿದ್ದೂ ಆ ವರ್ಷವೇ. ಉಳಿದ ದಿನವೆಲ್ಲ ಅಂಗಡಿ, ಒಲೆ, ಶೀಶೆ. ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ, ಎಣ್ಣೆಯಿಂದ ಗ್ಲಿಸರಿನ್, ನಿಂಬೆಯಿಂದ ಸಿಟ್ರಿಕ್ ಆಮ್ಲ ಎಲ್ಲ ಅಲ್ಲಿಂದಲೇ ಬಂದವು.

ಅವನಿಗೊಂದು ಕೆಟ್ಟ ಅಭ್ಯಾಸವಿತ್ತು. ಮಾಡಿದ ವಸ್ತುವನ್ನು ಮೂಸಿ, ನಾಲಿಗೆಗೆ ತಾಗಿಸಿ ನೋಡುವುದು. ಆ ಕಾಲದ ಕೆಮಿಸ್ಟ್‌ಗಳೆಲ್ಲ ಮಾಡುತ್ತಿದ್ದರು. ಆದರೆ ಇವನು ಕೆಲಸ ಮಾಡುತ್ತಿದ್ದದ್ದು ಆರ್ಸೆನಿಕ್, ಪಾದರಸ, ಸಯನೈಡ್ ಜೊತೆ. ಹೈಡ್ರೋಜನ್ ಸಯನೈಡಿನ ರುಚಿ ಹೇಗಿತ್ತು ಅಂತಲೂ ಬರೆದಿಟ್ಟಿದ್ದಾನೆ! ನಲವತ್ತು ದಾಟುತ್ತಲೇ ಮೈ ಕೈ ನೋವು, ಮೂತ್ರಪಿಂಡದ ಕಾಯಿಲೆ. ವಿಷಗಳೇ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಸಾಯೋದು ಖಚಿತವಾದಾಗ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಸಾರಾಳನ್ನು ಮದುವೆಯಾದ. ಅಂಗಡಿ ಮತ್ತೆ ಆಕೆಗೇ ಸೇರಲಿ ಅನ್ನೋದು ಉದ್ದೇಶ. ಕೆಲವೇ ದಿನಗಳಲ್ಲಿ, 1786ರ ಮೇ 21ರಂದು ತೀರಿಕೊಂಡ. ವಯಸ್ಸು 43.

ಅವನ ಅನಿಲ ಮೊದಲು ಬಟ್ಟೆ ಬಿಳುಪು ಮಾಡೋಕೆ ಹೋಯ್ತು. ನೀರಿಗೆ ಬಂದದ್ದು ನೂರು ವರ್ಷ ಕಳೆದ ಮೇಲೆ: 1905ರಲ್ಲಿ ಟೈಫಾಯ್ಡ್ ಹರಡಿದಾಗ ಇಂಗ್ಲೆಂಡಿನ ಲಿಂಕನ್ ಊರಿಗೆ, 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಗೆ. 1916ರಲ್ಲಿ ಕೆನಡಾದ ಒಟ್ಟಾವ ಊರಿನವರು ಅಮೋನಿಯಾವನ್ನೂ ಸೇರಿಸಿ ಕ್ಲೋರಮೀನ್ ಬಳಸಿದರು. ಪೈಪಿನಲ್ಲಿ ಬೇಗ ಸಾಯದೆ ಕೊನೆಯ ನಲ್ಲಿಯವರೆಗೂ ಬದುಕಿರುತ್ತೆ ಅನ್ನೋದೇ ಅದರ ಗುಣ. ಕಾಲರಾ, ಟೈಫಾಯ್ಡ್‌ನಿಂದ ಎಷ್ಟು ಜೀವ ಉಳಿದಿವೆ ಅಂತ ಯೋಚಿಸಿದರೆ ನಮ್ಮ ಸಿಗಡಿಗಳ ಪರವಾಗಿ ದೂರು ಹೇಳೋಕೆ ನಾಚಿಕೆಯಾಗುತ್ತೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬಂದು, ಹಲಸೂರಿನ ಗಲ್ಲಿಯ ಕೊನೆಯ ಮನೆಯಲ್ಲೂ ಕುಡಿಯೋಕೆ ಯೋಗ್ಯವಾಗಿರಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲಿ ಅನ್ನುತ್ತೆ, ಕ್ಲೋರಮೀನಿಗೆ 4 ಮಿಲಿಗ್ರಾಂವರೆಗೆ ಅವಕಾಶ ಕೊಡುತ್ತೆ. ಅದು ಮನುಷ್ಯರಿಗೆ ಬರೆದ ಲೆಕ್ಕ. ಕಿವಿರಿನಿಂದ ನೇರ ರಕ್ತಕ್ಕೆ ತೆಗೆದುಕೊಳ್ಳುವ ಪ್ರಾಣಿಗಳಿಗಲ್ಲ.

ಆರ್‌ಒ ಯಂತ್ರ ರಿಪೇರಿಯಾಗಿ ಬಂದ ಮೇಲೆ ಮೊದಲು ಮಾಡಿದ ಕೆಲಸ, ಕಾರ್ಬನ್ ದಾಟಿದ ನೀರನ್ನು ಹಿಡಿದು ಟೋಟಲ್ ಕ್ಲೋರಿನ್ ಟೆಸ್ಟ್. ಫ್ರೀ ಕ್ಲೋರಿನ್ ಟೆಸ್ಟಿಗೆ ಕ್ಲೋರಮೀನ್ ಸಿಗಲ್ಲ. ಟೋಟಲ್‌ನಲ್ಲಿ ಫ್ರೀ ಕಳೆದರೆ ಉಳಿಯೋದೇ ಅದು. ಬಣ್ಣ ತಿಳಿಗುಲಾಬಿಗೆ ತಿರುಗಿತು. ಯಂತ್ರ ಸರಿಯಿದ್ದಾಗಲೂ ಕಾರ್ಬನ್ ಸೋತಿತ್ತು, ನಮಗೆ ಗೊತ್ತಿರಲಿಲ್ಲ. ಕ್ಯಾರ್ಟ್ರಿಜ್ ಹಾಕಿ ಎಷ್ಟು ದಿನವಾಯ್ತು ಅಂದರೆ ನಾಲ್ವರೂ ಬೇರೆ ಬೇರೆ ತಿಂಗಳು ಹೇಳಿದೆವು. ಕೆ.ಆರ್. ಪುರದ ಹಾಸ್ಟೆಲಿನಿಂದ ಬರುವ ಗೆಳೆಯನೊಬ್ಬ, ಶೀಲೆ ಮಾಡಿದ ಹಾಗೆ ಕಾಯಿಸಿದರೆ ಸರಿಹೋಗಲ್ವಾ ಅಂದ. ಹೋಗಲ್ಲ. ಶೀಲೆಯ ಇದ್ದಿಲು ಗಾಳಿಯನ್ನು ಬರೀ ಹಿಡಿದುಕೊಂಡಿತ್ತು, ಕಾಯಿಸಿದಾಗ ಬಿಟ್ಟುಕೊಟ್ಟಿತು. ಕ್ಲೋರಿನ್ ಮತ್ತು ಕ್ಲೋರಮೀನ್ ಜೊತೆ ಕಾರ್ಬನ್ ರಾಸಾಯನಿಕ ಕ್ರಿಯೆಗೇ ಇಳಿದು ತಾನೂ ಆಕ್ಸಿಡೈಸ್ ಆಗುತ್ತೆ. ಕ್ಲೋರಿನ್ ಆದರೆ ಕ್ಷಣದಲ್ಲಿ ಮುಗಿಯುತ್ತೆ, ಕ್ಲೋರಮೀನಿಗೆ ಹೆಚ್ಚು ಹೊತ್ತು ಬೇಕು. ಹಾಗಾಗಿ ಈಗ ತೆಂಗಿನ ಕರಟದ ಎರಡು ಕಾರ್ಬನ್ ಕ್ಯಾರ್ಟ್ರಿಜ್ ಸಾಲಾಗಿ ಹಾಕಿದ್ದೇವೆ, ನೀರನ್ನು ನಿಧಾನ ಬಿಡುತ್ತೇವೆ. ಒಡೆದು ಉಳಿದ ಅಮೋನಿಯಾವನ್ನು ಮೆಂಬ್ರೇನ್ ಪೂರ್ತಿ ತಡೆಯಲ್ಲ. ಅದರ ಮುಂದಿರುವ ಡಿಐ ರೆಸಿನ್ ಹಿಡಿಯುತ್ತೆ.

ಮೊದಲ ಕ್ಯಾರ್ಟ್ರಿಜ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹಾಕಿದ ದಿನಾಂಕ, ಹಾದುಹೋದ ಲೀಟರ್, ಟೆಸ್ಟ್ ಮಾಡಿದವರ ಸಹಿ ಬರೆಯುತ್ತಿದ್ದೇವೆ. ಹೊಸ ಸಿಗಡಿ ಎರಡು ತಂದಿದ್ದೇವೆ. ಈ ವಾರದ ಸಹಿ ಇನ್ನೂ ಬಿದ್ದಿಲ್ಲ.