ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರು

ಧಾರವಾಡಕ್ಕೆ ಹೋದವರು ಕಿಟ್ಟೆಲ್ ಎಂಬ ಹೆಸರುಳ್ಳ ಕಾಲೇಜನ್ನು ಕಂಡಿರಬಹುದು. ಆ ಹೆಸರಿನವರು ಒಂದು ದೊಡ್ಡ ನಿಘಂಟನ್ನು ಬರೆದರೆಂಬದನ್ನು ಅನೇಕರು ಬಲ್ಲರು. ಅವರ ಮನೆಯ ಸುಖದುಃಖಗಳನ್ನು ಬಲ್ಲವರು ಕಡಿಮೆ.

ಅವರು 1832ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಡಗಣ ಸಮುದ್ರದ ಸಮೀಪದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯವರು ಸಭಾಪಾಲಕರು. ಬಳ್ಳಾರಿಯಲ್ಲಿ ಸೇವೆ ಮಾಡಿದ ಲಂಡನ್ ಮಿಶನ್ನಿನ ರೀವ್ ಅಯ್ಯನವರ ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ ವರುಷದಲ್ಲಿ. ಅದನ್ನು ಮೀರಿಸುವ ಗ್ರಂಥವನ್ನು ರಚಿಸತಕ್ಕ ಕೂಸು ಕನ್ನಡದ ಒಂದು ಅಕ್ಷರವೂ ಕೇಳಿಬಾರದ ದೇಶದಲ್ಲಿ ತೊಟ್ಟಿಲಲ್ಲಿತ್ತು.

ಬಾಸೆಲ್ ಪಟ್ಟಣದ ಮಿಶನ್ ಶಾಲೆಯಲ್ಲಿ ಕಲಿತು, 1853ರಲ್ಲಿ, 21 ವರುಷದ ಪ್ರಾಯದಲ್ಲಿ, ಅವರು ಹಿಂದುಸ್ಥಾನಕ್ಕೆ ಬಂದರು. ಮೊದಲ ಮೂವರು ಬಾಸೆಲ್ ಮಿಶನರಿಗಳು ಪಶ್ಚಿಮ ಕರಾವಳಿಯಲ್ಲಿ ಇಳಿದದ್ದು 1834ರಲ್ಲಿ. ಧಾರವಾಡದಲ್ಲಿ ಕೆಲಸ ತೊಡಗಿದ್ದು 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ. ಆದದರಿಂದ ಅವರು ಬಂದಾಗ ಹೊಲವು ಉತ್ತಿದ್ದಾಗಿತ್ತು, ಬೆಳೆ ಮಾತ್ರ ಅಲ್ಪವಾಗಿತ್ತು. ಜನರ ನುಡಿಯನ್ನೂ ಹಳೆಯ ಕವಿಗಳನ್ನೂ ಅರಿಯದೆ ಸುವಾರ್ತೆಯು ಅವರ ಹೃದಯಕ್ಕೆ ಹೊಗಲಾರದೆಂದು ಅವರಿಗೆ ತೋಚಿತು. ಓದಿನಲ್ಲಿ ಅವರು ಇಷ್ಟು ಹೊತ್ತು ಕಳೆಯುವದು ಮಿಶನ್ನಿನ ಮೇಲಿನವರಿಗೆ ಯಾವಾಗಲೂ ಹಿಡಿಸಲಿಲ್ಲ. ಮೇಲಿನವರ ಚಿಂತೆಯೂ ಸುಳ್ಳಲ್ಲ. ಸಾರುವವರು ಸ್ವಲ್ಪ, ಹಳ್ಳಿಗಳು ಬಹಳ. ಆದರೂ 1862ರಲ್ಲಿ ಅವರು ಕಥಾಮಾಲೆ ಎಂಬ ಪುಸ್ತಕದಲ್ಲಿ ಕರ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಹಾಡುವ ಹಾಗೆ ಬರೆದುಕೊಟ್ಟದ್ದು ಆ ಓದಿನ ಫಲವೇ ಸರಿ.

1860ರಲ್ಲಿ ಅವರು ಪೌಲೀನ ಐತ್ ಎಂಬ ಸಹೋದರಿಯನ್ನು ಮದುವೆಯಾದರು. ನಾಲ್ಕೇ ವರುಷ, 1864ರಲ್ಲಿ ಆಕೆಯು ತೀರಿಹೋದಳು. ಆ ಕಾಲದ ಮಿಶನ್ ಮನೆಗಳಲ್ಲಿ ಇಂಥ ಮರಣಗಳು ಎಷ್ಟೋ ನಡೆದವು. ಮಿಶನರಿಗಳ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಚಿಕ್ಕಂದಿನಲ್ಲಿಯೇ ತಾಯ್ತಂದೆಗಳನ್ನು ಅಗಲಿ ಯುರೋಪಿಗೆ ಹೋಗುವದೂ ವಾಡಿಕೆಯಾಗಿತ್ತು. ಊರಿಗೆ ಊರು, ಮನೆಗೆ ಮನೆ ಬಿಟ್ಟು ಬಂದವರೆಂದು ಸುಲಭವಾಗಿ ಹೇಳುತ್ತೇವೆ. ಬಿಟ್ಟದ್ದನ್ನು ಅವರು ದಿನಾಲು ಬಿಡಬೇಕಾಗಿತ್ತು. 1867ರಲ್ಲಿ ಪೌಲೀನಳ ತಂಗಿಯಾದ ಯೂಲಿಯು ಅವರ ಹೆಂಡತಿಯಾದಳು. ಅಕ್ಕನನ್ನು ನುಂಗಿದ ದೇಶಕ್ಕೆ ತಂಗಿಯು ಬರಲೊಪ್ಪಿದ ಧೈರ್ಯವು ನಿಘಂಟಿನ ಯಾವ ಪುಟದಲ್ಲಿಯೂ ಬರೆದಿಲ್ಲ.

1872ರಲ್ಲಿ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಅಚ್ಚು ಹಾಕಿಸಿದರು. ದೇಹವು ಸೋತು 1877ರಲ್ಲಿ ಸ್ವದೇಶಕ್ಕೆ ಹೋದರೂ ನಿಘಂಟಿನ ಕೆಲಸವು ಅಲ್ಲಿ ಮುಗಿಯಲಿಲ್ಲ. 1883ರಲ್ಲಿ, 51 ವರುಷದವರಾಗಿ, ತಿರುಗಿ ಬಂದರು. ಕಡೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಅದು ಹೊರಟಿತು. ಸುಮಾರು 70,000 ಶಬ್ದಗಳು! ಅರ್ಥದ ಸಂಗಡ ಕವಿಗಳ ಪ್ರಯೋಗ, ತಮಿಳು ತೆಲುಗು ಮಲೆಯಾಳ ತುಳುಗಳ ಸಾಟಿ ಮಾತು, ಒಕ್ಕಲಿಗರ ಗಾದೆ ಎಲ್ಲವೂ ಅಲ್ಲಿವೆ. ಮೈಸೂರಿನ ಕಡೆಯ ಮಾತಿಗೆ ಒಂದು ಗುರುತು, ಆಗ ದಕ್ಷಿಣ ಮಹಾರಾಷ್ಟ್ರವೆಂದು ಕರೆಯಲ್ಪಟ್ಟ ನಮ್ಮ ಕಡೆಯ ಮಾತಿಗೆ ಬೇರೊಂದು ಗುರುತು. ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಸುತ್ತಲಿನ ಎರೆಹೊಲದಲ್ಲಿ ಆಡುವ ನುಡಿಯು ಹೀಗೆ ಪಂಡಿತರ ಪಂಕ್ತಿಯಲ್ಲಿ ಕೂತಿತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ವೃದ್ಧಾಪ್ಯದಲ್ಲಿಯೂ ಲೇಖಣಿಯನ್ನು ಇಡದೆ ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರುಷದ ಡಿಸೆಂಬರ್ 18ರಂದು, ಕ್ರಿಸ್ತಜಯಂತಿಗೆ ಒಂದು ವಾರ ಮುಂಚೆ, ಟ್ಯೂಬಿಂಗೆನ್ನಿನಲ್ಲಿ ಕರ್ತನಲ್ಲಿ ನಿದ್ರೆಹೋದರು.