ಮಾತ್ರೆಯ ಬೆಲೆ ಕೇಳಿದ ಕೀಫಾವರ್

ದೇಶವನ್ನಾಳಿದವರ ಚರಿತ್ರೆಯನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಆಳಲು ಹೊರಟು ಸೋತವರನ್ನು ಕುರಿತು ಓದುವವರು ವಿರಳ. ಅಮೆರಿಕದ ಅಧ್ಯಕ್ಷ ಪದವಿಗೆ ಎರಡು ಸಲ ಪ್ರಯತ್ನಿಸಿ, ಎರಡು ಸಲವೂ ತಮ್ಮ ಪಕ್ಷದ ಉಮೇದುವಾರಿಕೆಯನ್ನೇ ಪಡೆಯಲಾರದೆ ಹೋದ ಎಸ್ಟಿಸ್ ಕೀಫಾವರ್ ಅಂಥವರಲ್ಲೊಬ್ಬರು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರು ಪ್ರಿಯರಾದುದು ಚುನಾವಣೆಗಳಿಂದಲ್ಲ. ಒಂದು ಮಾತ್ರೆಯ ಲೆಕ್ಕದಿಂದ.

ಕೀಫಾವರರು 1903ರ ಜುಲೈ 26ರಂದು ಟೆನೆಸ್ಸಿ ಸಂಸ್ಥಾನದ ಮ್ಯಾಡಿಸನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆಗೆ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು. ಮಗ ಯೇಲ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನೋದಿ, ವಕೀಲಿ ನಡೆಸಿ, 1939ರಲ್ಲಿ ಪ್ರತಿನಿಧಿಸಭೆಗೂ 1948ರಲ್ಲಿ ಸೆನೆಟ್ಟಿಗೂ ಆಯ್ಕೆಯಾದರು. ಆ 1948ರ ಚುನಾವಣೆಯಲ್ಲಿ ಮೆಂಫಿಸ್ ನಗರದ ರಾಜಕೀಯ ಧಣಿ ಕ್ರಂಪ್ ಇವರನ್ನು ಕದ್ದು ತಿನ್ನುವ ರಕೂನ್ ಎಂಬ ಪ್ರಾಣಿಗೆ ಹೋಲಿಸಿ ಹಂಗಿಸಿದನು. ಇವರು ಅದೇ ಪ್ರಾಣಿಯ ಚರ್ಮದ ಟೊಪ್ಪಿಗೆಯನ್ನು ತಲೆಗಿಟ್ಟು ಊರೂರು ತಿರುಗಿ ಗೆದ್ದರು! 1956ರಲ್ಲಿ ಕೆನೆಡಿಯವರನ್ನು ಹಿಂದೆ ಹಾಕಿ ಉಪಾಧ್ಯಕ್ಷ ಪದವಿಯ ಉಮೇದುವಾರರಾದರು. ಆದರೆ ಚುನಾವಣೆಯಲ್ಲಿ ಪಕ್ಷ ಸೋತಿತು. ರಾಜಕೀಯದ ಮಾತು ಇಷ್ಟು ಸಾಕು.

1957ರಲ್ಲಿ ಅವರು ಸೆನೆಟ್ಟಿನ ಏಕಸ್ವಾಮ್ಯ ವಿರೋಧಿ ಉಪಸಮಿತಿಯ ಅಧ್ಯಕ್ಷರಾದರು. ಉಕ್ಕು, ಮೋಟಾರುಗಳ ಬೆಲೆಯನ್ನು ವಿಚಾರಿಸಿ, 1959ರ ಡಿಸೆಂಬರಿನಲ್ಲಿ ಔಷಧಗಳಿಗೆ ಕೈಹಾಕಿದರು. ಮೊದಲ ದಿನವೇ ಶೆರಿಂಗ್ ಕಂಪನಿಯ ಅಧ್ಯಕ್ಷರ ಮುಂದೆ, ಸಂಧಿವಾತಕ್ಕೆ ಕೊಡುತ್ತಿದ್ದ ಪ್ರೆಡ್ನಿಸೊಲೋನ್ ಮಾತ್ರೆಯ ಲೆಕ್ಕವನ್ನಿಟ್ಟರು. ಸಮಿತಿಯ ಅಂದಾಜಿನಂತೆ ಒಂದು ಮಾತ್ರೆ ತಯಾರಾಗುವುದು 1.6 ಸೆಂಟಿನಲ್ಲಿ, ಔಷಧದಂಗಡಿಗೆ ಮಾರುವುದು 17.9 ಸೆಂಟಿಗೆ, ರೋಗಿ ಕೊಡುವುದು 29.8 ಸೆಂಟ್. ಸಂಶೋಧನೆಯ ಖರ್ಚನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲವೆಂದು ಕಂಪನಿ ವಾದಿಸಿತು. ಈ ವಾದ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ದೊಡ್ಡ ಕಂಪನಿಗಳು ತಮ್ಮ ಮಾರಾಟದ ಹಣದಲ್ಲಿ ಸುಮಾರು ಕಾಲುಭಾಗವನ್ನು ಪ್ರಚಾರಕ್ಕೇ ಸುರಿಯುತ್ತಿದ್ದವು, ಸಂಶೋಧನೆಗೆ ಹೋಗುತ್ತಿದ್ದುದು ಅದಕ್ಕಿಂತ ಬಹಳ ಕಡಮೆ ಎಂಬುದೂ ಅದೇ ವಿಚಾರಣೆಯಲ್ಲಿ ಬಯಲಾಯಿತು.

ಕೀಫಾವರರು ಹಿಡಿದ ಮರ್ಮ ಸರಳವಾದುದು. ಬೇರೆಲ್ಲ ಸರಕನ್ನು ಆರಿಸುವವನೇ ಹಣ ಕೊಡುತ್ತಾನೆ. ಔಷಧದಲ್ಲಿ ಹಾಗಿಲ್ಲ, ಆರಿಸುವವರು ವೈದ್ಯರು, ಹಣ ಕೊಡುವವನು ರೋಗಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಜ್ಜಿಯ ರಕ್ತದೊತ್ತಡದ ಚೀಟಿ ಓದುವ ಕೆಲಸವೂ ಆದ್ದರಿಂದ ನನ್ನದೇ. ಚೌಕಾಸಿ ಮಾಡದೆ ಒಂದು ಕಟ್ಟು ಸೊಪ್ಪನ್ನೂ ಕೊಳ್ಳದ ನಮ್ಮ ತಂದೆಯವರು ಔಷಧದಂಗಡಿಯಲ್ಲಿ ಮಾತ್ರ ತುಟಿ ಬಿಚ್ಚದೆ ಕೇಳಿದಷ್ಟನ್ನು ಎಣಿಸಿ ಕೊಡುತ್ತಾರೆ. ಸ್ಟ್ರಿಪ್ಪಿನ ಬೆನ್ನಿಗೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ, ನಿಜ. ಅಷ್ಟು ಏಕೆ ಎಂಬುದು ಅಲ್ಲಿರುವುದಿಲ್ಲ. ನಮ್ಮ ಮಾತು ಬಂದುದರಿಂದ ಹೇಳುತ್ತೇನೆ: ಔಷಧಗಳ ಬೆಲೆ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಭಾರತವೂ ಒಂದೆಂದು 1961ರ ಆ ಸಮಿತಿಯ ವರದಿ ಗುರುತಿಸಿತ್ತು. ಔಷಧವಸ್ತುವಿಗೇ ಪೇಟೆಂಟ್ ಕೊಡುವ ಪದ್ಧತಿಯನ್ನು ನಾವು 1970ರ ಕಾಯಿದೆಯಿಂದ ಕೈಬಿಟ್ಟೆವು. 2005ರಲ್ಲಿ ಅದು ಮರಳಿ ಬಂತು.

1961ರಲ್ಲಿ ಕೀಫಾವರರು ಮಸೂದೆ ತಂದರು. ಹೊಸ ಔಷಧದ ಪೇಟೆಂಟ್ ಪಡೆದವರು ಮೂರು ವರ್ಷಗಳ ನಂತರ ಇತರರಿಗೂ ತಯಾರಿಕೆಯ ಲೈಸೆನ್ಸ್ ಕೊಡಬೇಕೆಂಬುದು ಅದರ ಜೀವಾಳ. 1962ರ ಜೂನಿನಲ್ಲಿ, ಅವರಿಗೆ ತಿಳಿಸದೆಯೇ ನಡೆದ ಸಭೆಯೊಂದರಲ್ಲಿ, ಮಸೂದೆಯ ಹಲ್ಲನ್ನೆಲ್ಲ ಕಿತ್ತರು. ಅಷ್ಟರಲ್ಲಿ ಥಾಲಿಡೊಮೈಡ್ ಸೇವಿಸಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಶಿಶುಗಳು ಹುಟ್ಟಿದ ಯೂರೋಪಿನ ದುರಂತವೂ, ಆ ಔಷಧ ಅಮೆರಿಕದ ಅಂಗಡಿಗಳಿಗೆ ಬಾರದಂತೆ ತಡೆದ ಡಾ. ಫ್ರಾನ್ಸಿಸ್ ಕೆಲ್ಸಿಯವರ ಹೆಸರೂ ಪತ್ರಿಕೆಗಳಲ್ಲಿ ಬಂದವು. ಜನ ಎದ್ದರು. 1962ರ ಅಕ್ಟೋಬರ್ 10ರಂದು ಅಧ್ಯಕ್ಷ ಕೆನೆಡಿ ಶಾಸನಕ್ಕೆ ಸಹಿ ಹಾಕಿದರು. ಔಷಧ ಗುಣಕಾರಿಯೆಂದು ಕಂಪನಿ ರುಜುವಾತು ಮಾಡಬೇಕು, ಜಾಹೀರಾತಿನಲ್ಲಿ ದುಷ್ಪರಿಣಾಮಗಳನ್ನೂ ಹೇಳಬೇಕು ಎಂದು ಅದು ವಿಧಿಸಿತು. ದೊಡ್ಡ ಗೆಲುವೇ. ಆದರೆ ಕೀಫಾವರರು ಹೊರಟದ್ದು ಬೆಲೆಯನ್ನು ಹಿಡಿಯಲು; ಬೆಲೆ ಮಾತ್ರ ಕೈಗೆ ಸಿಕ್ಕಲಿಲ್ಲ. 1963ರ ಆಗಸ್ಟ್ 8ರಂದು ಸೆನೆಟ್ಟಿನಲ್ಲಿ ಚರ್ಚೆ ನಡೆಸುತ್ತಿದ್ದಾಗಲೇ ಹೃದಯಾಘಾತವಾಗಿ, ಎರಡು ದಿನಗಳಲ್ಲಿ ತೀರಿಕೊಂಡರು.

ಬೆಲೆಯ ಕಾರಣವನ್ನು ಕಂಪನಿಯ ಬಾಯಿಂದಲೇ ಹೇಳಿಸುವ ಆ ಕೆಲಸವನ್ನು ಅರ್ಧ ಶತಮಾನದ ಮೇಲೆ ಅಲ್ಲಿನ ಸಂಸ್ಥಾನಗಳು ಎತ್ತಿಕೊಂಡವು. 2016ರಲ್ಲಿ ವರ್ಮಾಂಟ್ ಮೊದಲು ಕಾನೂನು ಮಾಡಿತು. 2017ರಲ್ಲಿ ಕ್ಯಾಲಿಫೋರ್ನಿಯ, ಮಿತಿಮೀರಿ ಬೆಲೆಯೇರಿಸುವ ಮುನ್ನ ದೊಡ್ಡ ಖರೀದಿದಾರರಿಗೆ 60 ದಿನಗಳ ನೋಟೀಸು ಕೊಡಬೇಕೆಂದಿತು. ಬಡರೋಗಿಗಳಿಗೆ ನೆರವು ಕೊಡುತ್ತೇವೆಂದು ಕಂಪನಿಗಳು ಹೇಳಿಕೊಳ್ಳುವುದುಂಟಷ್ಟೆ. 2018ರಲ್ಲಿ ಆರೆಗಾನ್ ಮಾಡಿದ ಶಾಸನ ಆ ನೆರವು ಎಷ್ಟು ಮಂದಿಗೆ, ಎಷ್ಟು ಮೊತ್ತದ್ದು ಎಂಬ ಲೆಕ್ಕವನ್ನೂ ಕೇಳಿತು.