ಅಲನ್ ಟ್ಯೂರಿಂಗ್: ಬಾಳು ಮತ್ತು ಬೆಲೆ

ವಿಜಯದಶಮಿಯ ದಿನ ಜಂಬೂಸವಾರಿಯು ಅರಮನೆಯಿಂದ ಹೊರಟು ನಮ್ಮ ಬನ್ನಿಮಂಟಪವನ್ನು ಸೇರುವುದು ಎಲ್ಲರೂ ಬಲ್ಲ ಸಂಗತಿ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿಟ್ಟು, ಒಂದು ವರ್ಷ ಕಳೆದ ಮೇಲೆ ಕೆಳಗಿಳಿಸಿಕೊಂಡರೆಂಬ ಕಥೆಯನ್ನು ಬನ್ನಿಪೂಜೆಯು ಇಂದಿಗೂ ನೆನಪಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿಯೂ ಇಂತಹ ಒಂದು ಆಯುಧವಿತ್ತು. ಅದು ಅಜ್ಞಾತದಲ್ಲಿದ್ದುದು ಸುಮಾರು ಮೂವತ್ತು ವರ್ಷ. ಅದರ ಕಥೆ ಹೊರಬೀಳುವ ವೇಳೆಗೆ ಅದನ್ನು ರೂಪಿಸಿದವನು ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಆತನೇ ಗಣಕಯಂತ್ರದ ಮೂಲಪುರುಷರಲ್ಲಿ ಅಗ್ರಗಣ್ಯನಾದ ಅಲನ್ ಮ್ಯಾಥಿಸನ್ ಟ್ಯೂರಿಂಗ್. ಬದುಕಿದ್ದಾಗ ಲೋಕವು ಆತನಿಗೆ ಕೊಟ್ಟುದು ಅಲ್ಪ. ಇಂದು ಆತನ ಕೈಬರಹದ ಹಾಳೆಗಳಿಗೆ ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿ ಕೊಡುತ್ತಿದೆ.

ಟ್ಯೂರಿಂಗನ ಮನೆತನಕ್ಕೂ ನಮ್ಮ ನಾಡಿಗೂ ನಂಟುಂಟು. ಆತನ ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿ 1896ರಲ್ಲಿ ಮದರಾಸಿಗೆ ಬಂದನು. ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅಧಿಕಾರಿಯಾಗಿ ದುಡಿದನು. ಬಳ್ಳಾರಿಯು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಮೈಸೂರು ರಾಜ್ಯವನ್ನು ಸೇರಿದುದು 1953ರಲ್ಲಿ. ತಾಯಿ ಎಥೆಲ್ ಸಾರಾ ಹುಟ್ಟಿದುದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಮದರಾಸು ರೈಲ್ವೆಯ ಇಂಜಿನಿಯರು. ಸದ್ದಿಲ್ಲದೆ ತಿರುಗುವ ಪಂಖಾ ಚಕ್ರವೊಂದನ್ನು ಕಂಡುಹಿಡಿದವನು. ಯಂತ್ರಗಳ ಗೀಳು ಮೊಮ್ಮಗನಿಗೆ ಬಂದುದು ಆ ಕಡೆಯಿಂದಲೇ ಇರಬಹುದು.

ಅಲನ್ ಹುಟ್ಟಿದುದು ಲಂಡನ್ನಿನಲ್ಲಿ, 1912ನೆಯ ಇಸವಿ ಜೂನ್ 23ರಂದು. ತಂದೆತಾಯಿಗಳು ಭಾರತಕ್ಕೆ ಮರಳಿದುದರಿಂದ ಅಣ್ಣನೂ ಆತನೂ ಇಂಗ್ಲೆಂಡಿನಲ್ಲಿಯೇ ಪರರ ಮನೆಯಲ್ಲಿ ಬೆಳೆಯಬೇಕಾಯಿತು. 1926ರಲ್ಲಿ ಷೆರ್ಬೋರ್ನ್ ಶಾಲೆ ಆರಂಭವಾಗುವ ವೇಳೆಗೆ ದೇಶದಲ್ಲೆಲ್ಲ ಮುಷ್ಕರ, ರೈಲುಗಳಿಲ್ಲ. ಬಾಲಕನು ಸುಮಾರು ಅರವತ್ತು ಮೈಲಿ ಸೈಕಲ್ ತುಳಿದು ಶಾಲೆ ಸೇರಿದನು. ಅಲ್ಲಿ ಆತನ ಪ್ರಾಣಮಿತ್ರನಾಗಿದ್ದ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಅಕಾಲ ಮರಣಕ್ಕೆ ತುತ್ತಾದನು. ಆ ದುಃಖವನ್ನು ಅಲನ್ ಓದಿನಲ್ಲಿ ಮರೆಯಲೆತ್ನಿಸಿದನು. ಮರುವರ್ಷ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿ, ಇಪ್ಪತ್ತೆರಡನೆಯ ವಯಸ್ಸಿಗೇ ಅದರ ಫೆಲೋ ಆದನು.

1936ರಲ್ಲಿ ಆತನು ಬರೆದ ಪ್ರಬಂಧವೇ ಇಂದಿನ ಗಣಕಯಂತ್ರಕ್ಕೆ ಬುನಾದಿ. ಚೌಕಗಳನ್ನು ಗೆರೆಹಾಕಿದ ಕೊನೆಯಿಲ್ಲದ ಕಾಗದದ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಯಂತ್ರವು ಒಂದು ಬಾರಿಗೆ ಒಂದು ಚೌಕವನ್ನು ಮಾತ್ರ ನೋಡುತ್ತದೆ. ಅಲ್ಲಿಯ ಗುರುತನ್ನು ಓದುತ್ತದೆ, ಅಳಿಸುತ್ತದೆ ಅಥವಾ ಬರೆಯುತ್ತದೆ. ಬಳಿಕ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಮನುಷ್ಯನು ಕ್ರಮವಾಗಿ ಮಾಡಬಲ್ಲ ಲೆಕ್ಕವೆಲ್ಲವನ್ನೂ ಇಷ್ಟರಿಂದಲೇ ಮಾಡಬಹುದೆಂದು ಟ್ಯೂರಿಂಗನು ವಾದಿಸಿದನು. ಲೆಕ್ಕ ಮಾಡುವ ವಿಧಾನವನ್ನೂ ಆ ಪಟ್ಟಿಯ ಮೇಲೆಯೇ ಬರೆದಿಟ್ಟರೆ ಒಂದೇ ಯಂತ್ರವು ಬೇರೆಲ್ಲ ಯಂತ್ರಗಳ ಕೆಲಸವನ್ನೂ ಮಾಡೀತೆಂದು ತೋರಿಸಿದನು. ಆಗ ಅಂತಹ ಯಂತ್ರವೊಂದೂ ಭೂಮಿಯ ಮೇಲಿರಲಿಲ್ಲ.

1939ರಲ್ಲಿ ಮಹಾಯುದ್ಧ ಆರಂಭವಾಯಿತು. ಸೆಪ್ಟೆಂಬರ್ 4ರಂದು ಟ್ಯೂರಿಂಗನು ಬ್ಲೆಚ್ಲಿ ಪಾರ್ಕ್ ಎಂಬಲ್ಲಿಯ ಗುಪ್ತ ಕಛೇರಿಗೆ ಹಾಜರಾದನು. ಜರ್ಮನರ ಸಂದೇಶಗಳು ಎನಿಗ್ಮಾ ಎಂಬ, ಟೈಪ್‌ರೈಟರಿನಂತಹ ಯಂತ್ರದಿಂದ ಗೂಢಲಿಪಿಯಾಗಿ ಹೊರಡುತ್ತಿದ್ದವು. ಅದರೊಳಗಿನ ತಿರುಗುಚಕ್ರಗಳ ಜೋಡಣೆ ದಿನವೂ ಬದಲಾಗುತ್ತಿತ್ತು. ಪೋಲೆಂಡಿನ ಗಣಿತಜ್ಞರು ಮೊದಲೇ ಇದರ ಮರ್ಮವನ್ನು ಭೇದಿಸಿ ತಮ್ಮ ತಿಳಿವನ್ನು ಬ್ರಿಟಿಷರಿಗೆ ಒಪ್ಪಿಸಿದ್ದರು. ಆ ತಳಹದಿಯ ಮೇಲೆ ಟ್ಯೂರಿಂಗನು ಬಾಂಬ್ ಎಂಬ ಹೆಸರಿನ ಯಂತ್ರವನ್ನು ರೂಪಿಸಿದನು. ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಸುಧಾರಿಸಿದನು. ಮೊದಲನೆಯದು 1940ರ ಮಾರ್ಚಿನಲ್ಲಿ ಸಿದ್ಧವಾಯಿತು. ಶತ್ರುಗಳ ನೌಕಾಪಡೆಯ ಗೂಢಲಿಪಿಯನ್ನು ಬಿಡಿಸುವುದರಲ್ಲಿ ಟ್ಯೂರಿಂಗನ ಪಾತ್ರ ಬಹು ದೊಡ್ಡದು. ಅದರಿಂದ ಅಟ್ಲಾಂಟಿಕ್ ಸಾಗರದಲ್ಲಿ ಎಷ್ಟೋ ಹಡಗುಗಳು ಮುಳುಗದೆ ಉಳಿದವು.

ಆ ದಿನಗಳ ಒಂದು ಸಂಗತಿ ವಿನೋದವಾಗಿದೆ. ಯುದ್ಧದಲ್ಲಿ ಹಣದ ಬೆಲೆ ಬಿದ್ದೀತೆಂದು ಶಂಕಿಸಿ ಟ್ಯೂರಿಂಗನು ತನ್ನ ಉಳಿತಾಯದಿಂದ ಬೆಳ್ಳಿಯ ಗಟ್ಟಿಗಳನ್ನು ಕೊಂಡು ಕಾಡಿನಲ್ಲಿ ಹೂತಿಟ್ಟನು. ಹೂತ ಸ್ಥಳದ ಗುರುತನ್ನೂ ಗೂಢಲಿಪಿಯಲ್ಲಿ ಬರೆದುಕೊಂಡನು. ಯುದ್ಧ ಮುಗಿದ ಮೇಲೆ ಎಷ್ಟು ಹುಡುಕಿದರೂ ಅದು ಸಿಕ್ಕಲೇ ಇಲ್ಲ. ಜರ್ಮನರ ಗುಟ್ಟನ್ನು ಬಿಡಿಸಿದವನಿಗೆ ತನ್ನ ಗುಟ್ಟು ದಕ್ಕದೆ ಹೋಯಿತು!

ಯುದ್ಧಾನಂತರ ಸರ್ಕಾರವು ಬಾಂಬ್ ಯಂತ್ರಗಳನ್ನು ಬಹುಮಟ್ಟಿಗೆ ಎಲ್ಲವನ್ನೂ ಒಡೆಸಿಹಾಕಿ, ಕೆಲಸ ಮಾಡಿದವರೆಲ್ಲರೂ ಬಾಯಿ ಬಿಡದಂತೆ ಕಟ್ಟುಮಾಡಿತು. ಟ್ಯೂರಿಂಗನು ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಏಸ್ ಎಂಬ ಗಣಕಯಂತ್ರದ ನಕ್ಷೆಯನ್ನು ಸಿದ್ಧಪಡಿಸಿದನು. ಕಾರ್ಯವು ಆಮೆಯ ನಡಿಗೆಯಲ್ಲಿ ಸಾಗಿದುದರಿಂದ ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದನು. ಯಂತ್ರವು ಆಲೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು 1950ರಲ್ಲಿ ಲೋಕದ ಮುಂದಿಟ್ಟನು. ಮರುವರ್ಷ ರಾಯಲ್ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು.

1952ರಲ್ಲಿ ಆತನ ಮೇಲೆ ಮೊಕದ್ದಮೆ ಹೂಡಲಾಯಿತು. ಪುರುಷನೊಬ್ಬನೊಡನೆ ಪ್ರೇಮಸಂಬಂಧವಿದ್ದುದೇ ಆತನ ಅಪರಾಧ. ಅಂತಹುದೇ ಕಾನೂನನ್ನು ನಮ್ಮ ಸುಪ್ರೀಂ ಕೋರ್ಟು ರದ್ದುಗೊಳಿಸಿದುದು 2018ರಲ್ಲಿ ಎಂಬುದನ್ನು ನೆನೆದರೆ ಪರದೇಶವನ್ನು ಮಾತ್ರ ಹಳಿಯುವಂತಿಲ್ಲ. ಸೆರೆಮನೆಯ ಬದಲಿಗೆ ಆತನು ಒಂದು ವರ್ಷ ದೇಹವನ್ನು ಕುಗ್ಗಿಸುವ ಔಷಧವನ್ನು ಸಹಿಸಬೇಕಾಯಿತು. ಗುಪ್ತ ಕಾರ್ಯದ ಬಾಗಿಲುಗಳೂ ಮುಚ್ಚಿದವು. 1954ರ ಜೂನ್ 7ರಂದು ಸೈನೈಡ್ ವಿಷದಿಂದ ಆತನು ಮರಣ ಹೊಂದಿದನು. ಆಗ ಆತನಿಗೆ ನಲವತ್ತೊಂದು ವರ್ಷ. ವಿಚಾರಣೆಯು ಅದನ್ನು ಆತ್ಮಹತ್ಯೆಯೆಂದಿತು. ತಾಯಿ ಮಾತ್ರ ಆಕಸ್ಮಿಕವೆಂದೇ ನಂಬಿದ್ದಳು. ಬ್ಲೆಚ್ಲಿಯ ಗುಟ್ಟು ಗ್ರಂಥರೂಪದಲ್ಲಿ ಹೊರಬಿದ್ದುದು 1974ರಲ್ಲಿ. ಬ್ರಿಟಿಷ್ ಸರ್ಕಾರವು ಕ್ಷಮೆ ಕೇಳಿದುದು 2009ರಲ್ಲಿ. ರಾಣಿಯು ಕ್ಷಮಾದಾನ ನೀಡಿದುದು 2013ರಲ್ಲಿ. 2021ರಲ್ಲಿ ಐವತ್ತು ಪೌಂಡಿನ ನೋಟಿನ ಮೇಲೆ ಆತನ ಚಿತ್ರ ಬಂದಿತು.

ಇನ್ನು ಹರಾಜಿನ ಮಾತು. ಹಳೆಯ ಗಣಕಯಂತ್ರಗಳನ್ನೂ ಅವುಗಳ ಕಾಗದಪತ್ರಗಳನ್ನೂ ಕೊಳ್ಳುವವರು ಮೂರು ವಿಷಯಗಳನ್ನು ವಿಚಾರಿಸುತ್ತಾರೆ: ಅಂತಹವು ಎಷ್ಟು ಉಳಿದಿವೆ, ಸ್ಥಿತಿ ಹೇಗಿದೆ, ಯಾರ ಕೈಯಿಂದ ಯಾರ ಕೈಗೆ ಬಂದಿತು. 2010ರ ನವೆಂಬರ್ 23ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ, 1976ರಲ್ಲಿ 666 ಡಾಲರ್ 66 ಸೆಂಟಿಗೆ ಮಾರುತ್ತಿದ್ದ ಆಪಲ್-1 ಗಣಕಯಂತ್ರವೊಂದು 1,33,250 ಪೌಂಡಿಗೆ ಹೋಯಿತು. ಅದೇ ಹರಾಜಿಗೆ ಟ್ಯೂರಿಂಗನ ಪ್ರಬಂಧಗಳ ಅಚ್ಚುಪ್ರತಿಗಳೂ ಬಂದಿದ್ದವು. ಮಾಲೀಕರು ಗೊತ್ತುಮಾಡಿದ್ದ ಕನಿಷ್ಠ ಬೆಲೆಗೆ ಸವಾಲು ಏರದೆ ಅವು ಹಾಗೆಯೇ ಉಳಿದವು. ಬಳಿಕ ಸಾರ್ವಜನಿಕರ ಚಂದಾ, ಗೂಗಲ್ ಕಂಪನಿ ಕೊಟ್ಟ ಒಂದು ಲಕ್ಷ ಡಾಲರ್, ಪರಂಪರೆಯ ರಕ್ಷಣೆಗಾಗಿರುವ ನಿಧಿಯ 2,13,437 ಪೌಂಡು ಕೂಡಿ 2011ರಲ್ಲಿ ಬ್ಲೆಚ್ಲಿ ಪಾರ್ಕಿಗೇ ಸಂದವು. 2015ರಲ್ಲಿ ನ್ಯೂಯಾರ್ಕಿನಲ್ಲಿ ಆತನ 56 ಪುಟಗಳ ನೋಟ್‌ಪುಸ್ತಕವು 10,25,000 ಡಾಲರಿಗೆ ಮಾರಾಟವಾಯಿತು. 2017ರಲ್ಲಿ ನಾಲ್ಕು ಚಕ್ರಗಳ ಎನಿಗ್ಮಾ ಒಂದಕ್ಕೆ 5,47,500 ಡಾಲರ್ ಬಂದಿತು. ಶತ್ರುವಿನ ಬೀಗವು ಹರಾಜಿಗೆ ಬರುತ್ತದೆ. ಅದನ್ನು ತೆರೆದ ಬೀಗದಕೈಯನ್ನು ಮನೆಯವರೇ ಪುಡಿಮಾಡಿದ್ದರು. 2007ರಲ್ಲಿ ಬ್ಲೆಚ್ಲಿಯಲ್ಲಿ ಬಾಂಬ್ ಯಂತ್ರವನ್ನು ಉತ್ಸಾಹಿಗಳು ಹೊಸದಾಗಿಯೇ ಕಟ್ಟಬೇಕಾಯಿತು.

ಕಾಗದಗಳಾದರೂ ಉಳಿದುದು ಹೇಗೆ? ಪೋದನೂರಿನಲ್ಲಿ ಹುಟ್ಟಿದ ಆ ತಾಯಿಯ ದೆಸೆಯಿಂದ. ಮಗನ ಯುದ್ಧಕಾರ್ಯದ ವಿವರವನ್ನು ಅರಿಯದಿದ್ದರೂ 1959ರಲ್ಲಿ ಆಕೆ ಆತನ ಚರಿತ್ರೆಯನ್ನು ಬರೆದಳು. ಮರುವರ್ಷ ಪತ್ರಗಳನ್ನು ಕಿಂಗ್ಸ್ ಕಾಲೇಜಿಗೆ ಒಪ್ಪಿಸಿದಳು. ಕೆಲವು ಪ್ರಬಂಧಪ್ರತಿಗಳನ್ನು ಆತನ ಮಿತ್ರ ನಾರ್ಮನ್ ರೂಟ್ಲೆಡ್ಜನಿಗೆ ಕೊಟ್ಟಳು. ಅವು ಬಂಧುಗಳ ಮನೆಯ ಅಟ್ಟವನ್ನು ಸೇರಿ, ಚೂರುಚೂರಾಗುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡು, 2025ರ ಜೂನಿನಲ್ಲಿ 4,65,400 ಪೌಂಡು ತಂದವು.

ತಂಜಾವೂರಿನ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಗಳನ್ನು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯು ಜೋಪಾನ ಮಾಡಿದುದರಿಂದಲೇ ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಲು ಸಾಧ್ಯವಾಯಿತು. ಅಲ್ಲಿ ಸವಾಲು ಕೂಗಿದವರಿಲ್ಲ. ಆದುದರಿಂದ, ಮಿತ್ರರೇ, ನಮ್ಮ ಮನೆಯ ಅಟ್ಟದಲ್ಲಿಯೂ ಕಾಲೇಜಿನ ಉಗ್ರಾಣದಲ್ಲಿಯೂ ಇರುವ ಹಳೆಯ ಯಂತ್ರವನ್ನೋ ಕಾಗದದ ಕಟ್ಟನ್ನೋ ತೂಕಕ್ಕೆ ಹಾಕುವ ಮುನ್ನ ತಿಳಿದವರಿಗೊಮ್ಮೆ ತೋರಿಸೋಣ. ಅದಕ್ಕಿಂತ ಮುಖ್ಯವಾಗಿ, ನಮ್ಮ ನಡುವೆಯೇ ಓಡಾಡುತ್ತಿರುವ ಪ್ರತಿಭಾವಂತನನ್ನು ಆತನು ಬದುಕಿರುವಾಗಲೇ ಗುರುತಿಸಿ ಗೌರವಿಸೋಣ.